ವಸಂತಣ್ಣನ ಉಕ್ಕಿನ ಹಡಗಿಗೆ ನಾನು ಮಾಡಿದ ಪೂಜೆ

ಮೊನ್ನೆ ಹಿತ್ತಲ ಬೇಲಿಗೆ ಬಣ್ಣ ಹೊಡೆಯಲು ಡಬ್ಬಿಯ ಮುಚ್ಚಳ ತೆಗೆದೆ ನೋಡಿ, ಆ ವಾಸನೆ ನನ್ನನ್ನು ಎರಡು ವರ್ಷ ಹಿಂದಕ್ಕೆ, ಸ್ಟ್ರೀಟ್ಸ್‌ವಿಲ್ಲಿನ ವಸಂತಣ್ಣನ ಬೇಸ್‌ಮೆಂಟಿಗೆ ಎಳೆದುಕೊಂಡು ಹೋಯಿತು.

ವಸಂತಣ್ಣ ಉಡುಪಿ ಕಡೆಯವರು. ಕಡಲು ದಾಟಿ ಇಲ್ಲಿಗೆ ಬಂದು ಓಕ್‌ವಿಲ್ಲಿನ ಕಾರ್ಖಾನೆಯಲ್ಲಿ ಕಾರುಗಳಿಗೆ ಉಕ್ಕು ಬೆಸೆದು ನಿವೃತ್ತರಾದವರು, ಸುಮ್ಮನೆ ಕೂರಲಾರದೆ ತೆಳು ಉಕ್ಕಿನ ತಗಡಿನಲ್ಲಿ ಹಳೆಯ ಯುದ್ಧನೌಕೆಯೊಂದರ ಮಾದರಿ ಕಟ್ಟತೊಡಗಿದರು. ಮೂರಡಿ ಉದ್ದ, ನಾನು ನೋಡಲು ಹೋದಾಗ ಬಳಿದ ಬಣ್ಣ ಇನ್ನೂ ಹಸಿಯಿತ್ತು. ಕಬ್ಬಿಣ ಬಿಟ್ಟು ಉಕ್ಕಿಗೆ ಬಂದ ಮೊದಮೊದಲ ಕ್ರೂಸರ್‌ಗಳಲ್ಲಿ ಅದೂ ಒಂದಂತೆ. ಹೊಗೆಕೊಳವೆಯೂ ಇತ್ತು, ಹಾಯಿ ಕಟ್ಟುವ ಮೂರು ಕಂಬಗಳೂ ಇದ್ದವು.

"ಎರಡೂ ಯಾಕೆ ವಸಂತಣ್ಣ?" ಎಂದೆ.

"ಆಗಿನ ನೇವಿಯವರಿಗೆ ಎಂಜಿನ್ ಮೇಲೆ ಪೂರ್ತಿ ನಂಬಿಕೆ ಇಲ್ಲ ಮಾರಾಯ್ರೆ. ನೀವು ಜಿಪಿಎಸ್ ಹಾಕಿಯೂ ದಾರಿ ಕೇಳುವುದಿಲ್ವಾ, ಹಾಗೆ. ಕಡೆಗೆ ಕಂಬದ ಭಾರವೇ ಜಾಸ್ತಿ ಆಯ್ತು ಅಂತ ಕಿತ್ತು ಬಿಸಾಡಿದ್ರು."

ಇದನ್ನು ನಾನು ಕಿವಿಯಾರೆ ಕೇಳಿದ್ದೆ. ಕೇಳಿದ್ದು ತಲೆಗೆ ಇಳಿಯಬೇಕಲ್ಲ!

ಅವರ ಹೆಂಡತಿ ಶಾರದಕ್ಕನಿಗೆ ಹೊಲಿಗೆ ಯಂತ್ರ ಇಡಲು ಆ ಜಾಗ ಬೇಕಿತ್ತು. "ಲೇಕಲ್ಲಿ ತೇಲಿದ್ರೆ ಹಡಗು ಮನೆಯಲ್ಲಿರ್ಲಿ. ಮುಳುಗಿದ್ರೆ ಗುಜರಿಗೆ ಹಾಕುವುದು, ಆಯ್ತಾ?" ಎಂದು ಗಂಡನಿಗೆ ಖಡಾಖಂಡಿತ ಹೇಳಿಬಿಟ್ಟರು. ಮೂರು ಚಳಿಗಾಲದ ದುಡಿಮೆ, ಪಾಪ.

ಒಂದು ಭಾನುವಾರ ಎಲ್ಲರೂ ಪೋರ್ಟ್ ಕ್ರೆಡಿಟ್ಟಿನ ಲೇಕ್ ದಡಕ್ಕೆ ಹೋದೆವು. ಬೆಂಗಳೂರಿನವನಾದ ನಾನು ಬಾಯಿ ಮುಚ್ಚಿಕೊಂಡು ಇರಬಾರದೇ? "ಹೊಸ ಗಾಡಿನೇ ಪೂಜೆ ಇಲ್ದೆ ರೋಡಿಗಿಳಿಸಲ್ಲ, ಹಡಗು ಇಳಿಸ್ತೀರಾ?" ಎಂದವನೇ ಕಂಬಗಳ ತುದಿಗೆ ನಿಂಬೆಹಣ್ಣು, ಮೆಣಸಿನಕಾಯಿ, ಮೂರು ಮೊಳ ಸೇವಂತಿಗೆ ಹಾರ ಬಿಗಿದೆ. ವಸಂತಣ್ಣ "ಬೇಡ ಮಾರಾಯ್ರೆ" ಅನ್ನುವಷ್ಟರಲ್ಲಿ ಕರ್ಪೂರ ಹತ್ತಿತ್ತು. ದೇವರ ಕೆಲಸಕ್ಕೆ ಹೇಗೆ ಬೇಡವೆನ್ನುವುದು? ಅವರೂ ಕೈಮುಗಿದರು.

ಹಡಗು ತೇಲಿತು! ನಾನು ಚಪ್ಪಾಳೆ ತಟ್ಟಿದೆ. ಅಷ್ಟರಲ್ಲಿ ಒಂದು ಸಣ್ಣ ಅಲೆ ಬಂತು. ಹಾರದ ಭಾರಕ್ಕೆ ಹಡಗು ವಾಲಿ, ನನಗೇ ನಮಸ್ಕರಿಸುವಂತೆ ಬಾಗಿ, ಮಗುಚಿ ಗುಳುಂ ಎಂದಿತು. ಕಳಚಿಕೊಂಡ ನಿಂಬೆಹಣ್ಣುಗಳು ಮಾತ್ರ ಹಾಯಾಗಿ ತೇಲುತ್ತಿದ್ದವು.

ವಸಂತಣ್ಣನ ಕಣ್ಣು ತುಂಬಿತು. ನನಗೋ, ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಶಾರದಕ್ಕ ಸೀರೆ ಎತ್ತಿಕಟ್ಟಿ ಮೊಳಕಾಲುದ್ದ ನೀರಿಗಿಳಿದರು. ಹಡಗನ್ನು ದಡಕ್ಕೆ ಎಳೆದು ತಂದು, ಸೆರಗಿನಿಂದ ಒರೆಸಿ ಗಂಡನ ಕೈಗಿಟ್ಟರು.

"ಇದು ಮುಳುಗಿದ್ದಲ್ಲ, ಇವರು ಮುಳುಗಿಸಿದ್ದು" ಎಂದು ನನ್ನತ್ತ ಬೆರಳು ತೋರಿಸಿದರು. "ಮನೆಗೆ ತನ್ನಿ."

ಹಡಗು ಉಳಿಯಿತು. ನಾನು ಮಾತ್ರ ನಾಚಿಕೆಯಿಂದ ಆ ಮನೆ ಕಡೆ ತಲೆ ಹಾಕಲಿಲ್ಲ. ಮೊನ್ನೆ ತಡೆಯಲಾಗದೆ ಫೋನು ಮಾಡಿದೆ.

"ಎಲ್ಲಿ ಮಾರಾಯ್ರೆ, ಸುದ್ದಿಯೇ ಇಲ್ಲ! ಈ ಭಾನುವಾರ ಹಡಗು ಪುನಃ ಇಳಿಸುವುದುಂಟು, ಬನ್ನಿ" ಎಂದರು ವಸಂತಣ್ಣ. ಹಿಂದಿನಿಂದ ಶಾರದಕ್ಕನ ದನಿ ಕೇಳಿತು: "ಬರ್ಲಿಕ್ಕೆ ಹೇಳಿ. ಬರಿಗೈಯಲ್ಲಿ!"

ಯಾರ ಮನೆಗೂ ಬರಿಗೈಯಲ್ಲಿ ಹೋಗಿ ಗೊತ್ತಿಲ್ಲದವನು ನಾನು. ಇಷ್ಟು ಪ್ರೀತಿಯಿಂದ ನನ್ನನ್ನು ಯಾರೂ ಕರೆದದ್ದೂ ಇಲ್ಲ.