ಚಿಗವ್ವ ಅಂದಾಗ ನಿಂತ ಸಹಿ

ಹರಪನಹಳ್ಳಿಯ ನೋಂದಣಿ ಕಚೇರಿ ಎದುರು ಪತ್ರ ಬರೆಯುವ ನನ್ನ ಟೇಬಲ್ಲಿಗೆ ಅಕ್ಕ-ತಂಗಿ ತಮ್ಮ ಗಂಡಂದಿರ ಜೊತೆ ಬಂದಿದ್ದರು. ತೆಲಿಗಿಯ ತಂಗಿ ತನ್ನ ಮೂರನೇ ಹೆಣ್ಣುಕೂಸನ್ನು ಕೊಟ್ಟೂರಿನ ಅಕ್ಕನಿಗೆ ದತ್ತು ಕೊಡುವವಳಿದ್ದಳು. ಅಕ್ಕನಿಗೆ ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಮಕ್ಕಳಿರಲಿಲ್ಲ. ದತ್ತಕ ಪತ್ರ ಬರೆದು, ಓದಿ ಹೇಳಿ, ತಂಗಿಯ ಕೈಗೆ ಪೆನ್ನು ಕೊಟ್ಟೆ.

ಅಷ್ಟರಲ್ಲಿ ಕೂಸನ್ನು ರಮಿಸುತ್ತಿದ್ದ ಅಕ್ಕ, "ಅಳಬ್ಯಾಡವ್ವಾ, ಚಿಗವ್ವ ಇಲ್ಲೇ ಅದಾಳ ನೋಡು" ಅಂದಳು.

ಒಂದೇ ಮಾತಿಗೆ ಚಿಕ್ಕಮ್ಮನಾಗಿಬಿಟ್ಟ ತಂಗಿ ಪೆನ್ನು ಕೆಳಗಿಟ್ಟಳು. "ನಾ ಹಡದಾಕಿ. ಚಿಗವ್ವ ಹೆಂಗ ಅಕ್ಕೀನಿ? ನಾ ಕೊಡಂಗಿಲ್ಲ" ಅಂದವಳೇ ಕೂಸನ್ನು ಎತ್ತಿಕೊಂಡು ಪಕ್ಕದ ಬೇವಿನ ಮರದ ಕಡೆ ನಡೆದಳು.

ಅವಳ ಗಂಡ ಬೈಯಲು ಬಾಯಿ ತೆರೆದ. "ಸುಮ್ನಿರಪ್ಪ, ಸಹಿ ಆಗೋತನಕ ಆಕಿ ಒಲ್ಲೆ ಅನ್ನಬಹುದು" ಅಂದೆ. ಅಕ್ಕನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಆಕೆ ಮೆಲ್ಲಗೆ ಎದ್ದು ಹೋಗಿ, ಮರದ ಕೆಳಗೆ ತಂಗಿಯ ಪಕ್ಕ ಕೂತಳು.

"ಕೊಡಾಕ ಮನಸಿಲ್ಲಂದ್ರ ಬ್ಯಾಡ ಬಿಡು, ನನಗ ಸಿಟ್ಟಿಲ್ಲ. ಕೊಟ್ಟಿ ಅಂದ್ರ ನಿನಗೂ ಅವ್ವ ಅಂತಾನ ಕರೀಲಿ. ನಾನಾ ಕಲಿಸ್ತೀನಿ."

ತಂಗಿ ಬಹಳ ಹೊತ್ತು ಅತ್ತಳು. ಆಮೇಲೆ ತಾನೇ ಕೂಸನ್ನು ಅಕ್ಕನ ಮಡಿಲಿಗಿಟ್ಟು ಬಂದು, "ಎಲ್ಲಿ ಸಹಿ ಮಾಡ್ಬೇಕ್ರಿ?" ಅಂದಳು.

"ಯಾರರ ಒತ್ತಾಯ ಮಾಡ್ಯಾರೇನವ್ವ?" ಅಂತ ಕೇಳಿದೆ.

"ಇಲ್ರಿ. ಈಗ ಮನಸು ಒಪ್ಪೈತಿ."

ಅಕ್ಕನ ಗಂಡ ಗೋಡೆಗೆ ಒರಗಿ ಉಸಿರು ಬಿಟ್ಟ. ನಾನೂ ಬಿಟ್ಟೆ.

"ಅವ್ವ ಅಂತ ಕರಿಯೋದ್ನೂ ಪತ್ರದಾಗ ಬರೀರಿ" ಎಂದು ಅಕ್ಕನೇ ಹಟ ಹಿಡಿದಳು. ನಾನು ಬರೆಯಲಿಲ್ಲ. ಕೂಸು ಯಾರಿಗೆ ಏನನ್ನಬೇಕು ಅಂತ ಕೇಳುವ ಕಾಲಂ, ಪುಣ್ಯಕ್ಕೆ, ಸರ್ಕಾರದ ಯಾವ ನಮೂನೆಯಲ್ಲೂ ಇಲ್ಲ.