ಸಾಹುಕಾರರು ಅಳಿಸಿದ ಎಚ್ಚರಿಕೆಗಳು

ನಮ್ಮ ಸಾಹುಕಾರರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ, ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಮೇಲಿನ ಎರಡು ಕೋಣೆಗಳಲ್ಲಿ ಅವರ ಕಂಪ್ಯೂಟರ್ ಆಫೀಸು. ಅದಕ್ಕೂ ಮುಂಚೆ ಅವರದು ಪ್ರಿಂಟಿಂಗ್ ಪ್ರೆಸ್ಸು. ಲಗ್ನಪತ್ರಿಕೆಯಲ್ಲಿ ಜಾಗ ಸಾಲದಿದ್ದರೆ ‘ಸುಖಾಗಮನ ಬಯಸುವವರು’ ಎಂಬುದರ ಕೆಳಗಿನ ಹೆಸರುಗಳನ್ನು ಕೊನೆಯಿಂದ ಹೊಡೆದುಹಾಕುತ್ತಿದ್ದರಂತೆ. ಎಷ್ಟೋ ಚಿಕ್ಕಪ್ಪಂದಿರು ಮುನಿಸಿಕೊಂಡು ಮದುವೆಗೇ ಬಾರದೆ ಹೋದದ್ದು ಇವರ ಪುಣ್ಯದಿಂದ. ಇದನ್ನು ಅವರೇ ನಗುತ್ತ ಹೇಳಿಕೊಳ್ಳುತ್ತಿದ್ದರು.

ನಾನು ಹರಿಹರದಿಂದ ದಿನಾ ಬಸ್ಸಿನಲ್ಲಿ ಅಲ್ಲಿಗೆ ಕೆಲಸಕ್ಕೆ ಬರುತ್ತಿದ್ದೆ. ತೊಂಬತ್ತೊಂಬತ್ತರಲ್ಲಿ ಹೊರದೇಶದ ಕಂಪನಿಯೊಂದರಿಂದ ಅಕ್ಕಿ ಗಿರಣಿ ಯಂತ್ರಗಳ ಕೈಪಿಡಿಯ ಕೆಲಸ ಬಂತು. ಕೈಪಿಡಿ ಇದ್ದದ್ದು ಎಸ್‌ಜಿಎಂಎಲ್‌ನಲ್ಲಿ. ಬರಹದ ಪ್ರತಿ ತುಂಡಿಗೂ ಇದು ಶೀರ್ಷಿಕೆ, ಇದು ಹಂತ, ಇದು ಎಚ್ಚರಿಕೆ ಎಂದು ಗುರುತು ಹಚ್ಚುವ ಹಳೆಯ ಪದ್ಧತಿ ಅದು. ಅದನ್ನು ಅದೇ ಬಗೆಯ ಹೊಸ ಪದ್ಧತಿಯಾದ ಎಕ್ಸ್‌ಎಂಎಲ್‌ಗೆ ತರಬೇಕಿತ್ತು. ಯಾವ ಗುರುತಿನೊಳಗೆ ಯಾವುದು ಬರಬಹುದು ಎಂಬ ನಿಯಮಗಳನ್ನು ಸ್ಕೀಮಾ ಎಡಿಟರ್ ಎಂಬ ಸಾಫ್ಟ್‌ವೇರ್ ಚೌಕ ಚೌಕವಾಗಿ ತೋರಿಸುತ್ತಿತ್ತು. ನಿಯಮ ಮೀರಿದ್ದು ಕೆಂಪಾಗುತ್ತಿತ್ತು.

‘ಇಲ್ಲಿ ಕೈ ಹಾಕಬೇಡಿ’ ಎಂಬಂಥ ಎಚ್ಚರಿಕೆ ಕೈಪಿಡಿಯಲ್ಲಿ ಎಲ್ಲಿ ಬೇಕಾದರೂ ಬರಬಹುದು ಎಂದು ಹಳೆಯ ನಿಯಮದಲ್ಲಿ ಒಂದೇ ಸಾಲಿನಲ್ಲಿ ಬರೆದಿತ್ತು. ಎಕ್ಸ್‌ಎಂಎಲ್‌ನಲ್ಲಿ ಆ ಸಲಿಗೆ ಇಲ್ಲ. ಒಂದೊಂದೇ ಚೌಕ ತೆರೆದು ಇದರೊಳಗೂ ಎಚ್ಚರಿಕೆ ಬರಬಹುದು ಎಂದು ಅನುಮತಿ ಬರೆಯಬೇಕು. ಹಳೆಯ ನಿಯಮಗಳನ್ನು ಒಳಗೆ ತೆಗೆದುಕೊಳ್ಳುವಾಗ ಸಾಫ್ಟ್‌ವೇರ್ ಆ ಸಾಲನ್ನು ಸದ್ದಿಲ್ಲದೆ ನುಂಗಿಬಿಟ್ಟಿತ್ತು. ಹೀಗಾಗಿ ಎಚ್ಚರಿಕೆಗಳೆಲ್ಲ ಕೆಂಪು. ಸರಿಮಾಡಲು ಮೂರು ದಿನ ಬೇಕು ಎಂದೆ. ನಾನು ಊಟ ಮುಗಿಸಿ ಬುತ್ತಿ ಡಬ್ಬಿ ತೊಳೆದು ಬರುವಷ್ಟರಲ್ಲಿ ಸಾಹುಕಾರರು ನನ್ನ ಕುರ್ಚಿಯಲ್ಲಿ ಕೂತು ಅಷ್ಟೂ ಎಚ್ಚರಿಕೆಗಳನ್ನು ಹುಡುಕಿಸಿ ಅಳಿಸಿದ್ದರು.

“ನೋಡಮ್ಮ, ಒಂದಾದ್ರೂ ಕೆಂಪು ಐತಾ?”

“ಎಚ್ಚರಿಕೆನೇ ಹೋತಲ್ರಿ ಸಾವ್ಕಾರ್ರೆ! ಮಷಿನ್‌ನಾಗೆ ಕೈ ಹಾಕೋರ ಗತಿ ಏನ್ರಿ? ನಮ್ಮಣ್ಣ ಮಲೆಬೆನ್ನೂರಿನಾಗೆ ಇಂಥದೇ ಮಷಿನ್ ಮುಂದೆ ನಿಂತಿರ್ತಾನೆ.”

“ಗಿರಣ್ಯಾಗೆ ಯಾರು ಬುಕ್ ಓದ್ತಾರೆ? ಸುಮ್ನೆ ಕೂಡ್ರಮ್ಮ.”

ನನಗೆ ಮೈಯೆಲ್ಲ ಉರಿದುಹೋಯಿತು. ಈ ಮನುಷ್ಯನಿಗೆ ನಮ್ಮಣ್ಣನ ಕೈಯೂ ಒಂದೇ, ಲಗ್ನಪತ್ರಿಕೆಯ ಕೊನೆಯ ಚಿಕ್ಕಪ್ಪನೂ ಒಂದೇ.

ಅವರು ಅಂದೇ ಅದನ್ನು ಕಂಪನಿಗೆ ಕಳಿಸಿಬಿಟ್ಟರು. ಎಚ್ಚರಿಕೆಗಳಿದ್ದ ಹಳೆಯ ಪ್ರತಿ ನನ್ನ ಹತ್ತಿರ ಇತ್ತು. ಬೇರೆ ಕೆಲಸದಲ್ಲಿ ಇರುವವಳಂತೆ ನಟಿಸುತ್ತ ಮೂರು ದಿನ ಒಂದೊಂದು ಚೌಕಕ್ಕೂ ಅನುಮತಿ ಸೇರಿಸಿದೆ. ನಾಲ್ಕನೆಯ ದಿನ ಕಂಪನಿಯಿಂದ ಉತ್ತರ ಬಂತು: ಪರೀಕ್ಷಿಸಿದೆವು, ಒಂದೂ ತಪ್ಪಿಲ್ಲ. ತಪ್ಪು ಎಲ್ಲಿಂದ ಬರಬೇಕು? ಅಳಿಸಿ ಹಾಕಿದ್ದನ್ನು ಯಾವ ಸಾಫ್ಟ್‌ವೇರ್ ಹುಡುಕಿ ಕೆಂಪು ಮಾಡುತ್ತದೆ? ಸಾಹುಕಾರರು ಖುಷಿಯಾಗಿ ಎಲ್ಲರಿಗೂ ಮಂಡಕ್ಕಿ ಮಿರ್ಚಿ ತರಿಸಿದರು. ನಾನು ಮಿರ್ಚಿ ಮುಟ್ಟದೆ, ಸರಿಮಾಡಿದ ಪ್ರತಿ ನನ್ನ ಹತ್ತಿರ ಇದೆ, ಕಳಿಸಿ ಎಂದೆ.

“ಈಗ ಕಳಿಸಿದ್ರೆ ಮೊದ್ಲಿಂದು ತಪ್ಪು ಅಂತ ನಾವೇ ಒಪ್ಕೊಂಡಂಗಲ್ಲೇನಮ್ಮ? ಬ್ಯಾಡ.”

“ತಪ್ಪು ಮಾಡೀರಿ, ಒಪ್ಕೋರಿ!”

ಕೂತು, ನನಗೆ ಬಂದಷ್ಟು ಇಂಗ್ಲಿಷಿನಲ್ಲಿ, ಎಚ್ಚರಿಕೆಗಳನ್ನು ಅಳಿಸಿದ್ದು ನಮ್ಮ ತಪ್ಪು, ಈ ಪ್ರತಿಯನ್ನೇ ಬಳಸಿ ಎಂದು ಅವರ ಎದುರಿಗೇ ಕಂಪನಿಗೆ ಇಮೇಲ್ ಬರೆದು, ಪ್ರತಿಯನ್ನು ಲಗತ್ತಿಸಿದೆ. ಮಿರ್ಚಿ ಎಣ್ಣೆಯ ಕೈಯಲ್ಲೇ ಮೌಸ್ ಕಿತ್ತುಕೊಳ್ಳಲು ಬಂದರು. ಅಷ್ಟರಲ್ಲಿ ಪತ್ರ ಹೋಗಿತ್ತು.

“ನಾಳಿಂದ ಬರಬ್ಯಾಡ.”

“ಬರೋರು ಯಾರು ಬಿಡ್ರಿ,” ಎಂದು ಬ್ಯಾಗು ಎತ್ತಿಕೊಂಡು ಮೆಟ್ಟಿಲಿಳಿದೆ. ಕಂಪನಿ ಏನು ಉತ್ತರ ಬರೆಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಭಾನುವಾರ ಮಲೆಬೆನ್ನೂರಿಗೆ ಹೋದೆ. ಅಣ್ಣ ಊಟಕ್ಕೆ ಕೂತಿದ್ದ. ಎಲ್ಲ ಕೇಳಿ ಅವನು ನಕ್ಕುಬಿಟ್ಟ.

“ಯಾರ ಸಲುವಾಗಿ ಕೆಲ್ಸ ಕಳ್ಕೊಂಡೆ? ಆ ಬುಕ್ಕು ಇಂಗ್ಲಿಷಿನಾಗೈತೆ. ನಮ್ ಮಾಲೀಕರ ಬೀರುನಾಗೆ ಬಿದ್ದೈತೆ.”

ಸಾಹುಕಾರರ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಇವನ ಮೇಲೆ ಬಂತು. “ನಗಬ್ಯಾಡ, ಬಾಯಿ ಮುಚ್ಚಿ ಕೇಳು,” ಎಂದು ಗದರಿದೆ. ಮೂರು ದಿನ ನೋಡಿ ನೋಡಿ ಆ ಎಚ್ಚರಿಕೆಗಳು ನನಗೆ ಬಾಯಿಪಾಠವಾಗಿದ್ದವು. ಕನ್ನಡದಲ್ಲಿ ಒಂದೊಂದಾಗಿ ಹೇಳತೊಡಗಿದೆ. ಮೊದಲ ಎರಡಕ್ಕೆ ಹೂಂಗುಟ್ಟುತ್ತ ಉಣ್ಣುತ್ತಿದ್ದ. ಬೆಲ್ಟು ತಿರುಗುತ್ತಿರುವಾಗ ಅದರ ಮೇಲಿನ ಮುಚ್ಚಳ ತೆಗೆಯಬಾರದು ಎಂದೆ. ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ.

“ನಾವು ದಿನಾ ಹಂಗೇ ತೆಗೀತೀವಲ್ಲ,” ಎಂದ.