ಹಾಲಿನ ಗುಂಪಿಗೆ ಹಾಕಿದ ಪಟ್ಟಿ

ಮೊನ್ನೆ ಶಾಲೆಯ ಬೀರು ಖಾಲಿ ಮಾಡುವಾಗ ನೀಲಿ ರೆಕ್ಸಿನ್ ಹೊದಿಕೆಯ ಹಳೆಯ ಟ್ಯಾಬ್ ಒಂದು ಗುಜರಿ ರಾಶಿಗೆ ಬಂದು ಬಿತ್ತು. ಹೊದಿಕೆಯ ಮಡಿಕೆಯಲ್ಲಿ ಸೀಮೆಸುಣ್ಣದ ಪುಡಿ ಇನ್ನೂ ಉಳಿದಿತ್ತು... ಟೀಚರ್ ಬೆರಳಿನದು.

ನಲ್ಲೂರಿನ ಆಚೆಯ ನಮ್ಮ ಊರಿಗೆ ಅವರು ಬಂದಾಗ ನಾನು ಶಾಲೆಯ ಉಸ್ತುವಾರಿ ಸಮಿತಿ, ಎಸ್‌ಡಿಎಂಸಿಯ ಅಧ್ಯಕ್ಷ. ಎಸ್ಸೆಸ್ಸೆಲ್ಸಿ ಪಾಸಾದವನೆಂಬ ಜಂಬ ಬೇರೆ. ಬೆತ್ತ ಹಿಡಿಯದ ಟೀಚರನ್ನು ಅದೇ ಮೊದಲು ನೋಡಿದ್ದು. ಮಗು ಒಳ್ಳೆಯ ಕೆಲಸ ಮಾಡಿದರೆ ಟ್ಯಾಬಿನಲ್ಲಿ ಹೆಸರಿನ ಮುಂದೆ ಹಸಿರು ಚುಕ್ಕೆ ಒತ್ತುತ್ತಿದ್ದರು, ಟಣ್ ಎನ್ನುತ್ತಿತ್ತು. ಆ ಸದ್ದಿಗಾಗಿ ಇಡೀ ತರಗತಿ ನೆಟ್ಟಗೆ ಕೂರುತ್ತಿತ್ತು. ಗಲಾಟೆಗೆ, ತೂಕಡಿಕೆಗೆ ಕೆಂಪು ಚುಕ್ಕೆ. ಕೆಂಪಿಗೆ ಸದ್ದಿರಲಿಲ್ಲ.

"ಕೆಂಪು ನನಗೆ ಮಾತ್ರ ಅಧ್ಯಕ್ಷರೇ. ಯಾವ ಮಗೂಗೆ ಮನೇಲಿ ಏನು ಕಷ್ಟ ಐತೆ ಅಂತ ತಿಳ್ಕೊಳ್ಳಾಕೆ," ಎಂದು ಪಟ್ಟಿ ತೋರಿಸಿದರು. ಮೇಲ್ಗಡೆ ನನ್ನ ಮೊಮ್ಮಗಳು. ಕೊನೆಯಲ್ಲಿ ಒಬ್ಬ ಹುಡುಗಿ, ಒಂಬತ್ತು ಕೆಂಪು, ಎಲ್ಲವೂ ನಿದ್ದೆಗೆ. ತಾಯಿ ಬಾಣಂತಿ, ಹುಡುಗಿಯೇ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಎಮ್ಮೆ ಹಿಂಡಿ, ಡೈರಿಗೆ ಹಾಲು ಹಾಕಿ ಬರುತ್ತಿದ್ದಳು. ಅದು ತಿಳಿದ ಮೇಲೆ ಟೀಚರ್ ಅವಳನ್ನು ಮಧ್ಯಾಹ್ನ ಅರ್ಧ ಗಂಟೆ ಮಲಗಲು ಬಿಡುತ್ತಿದ್ದರು.

ಅವರು ಬಿಸಿಯೂಟ ಬಡಿಸಲು ಹೋದಾಗ ನಾನು ಪಟ್ಟಿಯ ಫೋಟೋ ತೆಗೆದೆ. ಮೊಮ್ಮಗಳ ಹೆಸರು ಊರಿಗೆ ಕಾಣಬೇಕಿತ್ತು. ಊರೆಲ್ಲ ಇದ್ದದ್ದು ಹಾಲಿನ ಡೈರಿಯ ವಾಟ್ಸಾಪ್ ಗುಂಪಿನಲ್ಲಿ. ಯಾರ ಹಾಲಿಗೆ ಎಷ್ಟು ಫ್ಯಾಟ್ ಎಂದು ದಿನಾ ಅದರಲ್ಲಿ ಪಟ್ಟಿ ಬರುತ್ತಿತ್ತು, ಕೊನೆಯವರನ್ನು ನೋಡಿ ಎಲ್ಲರೂ ನಗುತ್ತಿದ್ದರು. ಅಲ್ಲಿಗೇ ಹಾಕಿದೆ.

ಮರುದಿನ ಆ ಹುಡುಗಿ ಡೈರಿಯಲ್ಲಿ ಕ್ಯಾನ್ ಇಳಿಸುತ್ತಿದ್ದಂತೆ ಒಬ್ಬ ಕೂಗಿದ, "ಏನವ್ವಾ, ನಿಮ್ಮೆಮ್ಮೆ ಫ್ಯಾಟು ಏಳು, ನಿಂದು ಮೈನಸ್ ಒಂಬತ್ತಾ?"

ಸಾಲೆಲ್ಲ ನಕ್ಕಿತು. ನಾನೂ ನಕ್ಕೆ.

ಅವಳು ಶಾಲೆಗೆ ಬರುವುದನ್ನು ಬಿಟ್ಟಳು. ನಾಲ್ಕನೆಯ ದಿನ ಶಾಲೆಯಲ್ಲಿ ಸಭೆ ಸೇರಿತು. ಹುಡುಗಿಯ ತಂದೆ ನೇರವಾಗಿ ನನ್ನನ್ನೇ ಕೇಳಿದರು, "ನೀವ್ಯಾಕೆ ಹಾಕಿದ್ರಿ?"

"ಟೀಚರಮ್ಮನೇ ಹಾಕ್ರಿ ಅಂದ್ರು," ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು... ತಂದೆ ಟೀಚರ್ ಕಡೆ ತಿರುಗಿದರು. "ನಿನ್ ಹೊಟ್ಟೇಲಿ ಹುಟ್ಟಿದ್ ಮಗಳಾಗಿದ್ರೆ ಹಿಂಗೆ ಹರಾಜಿಗೆ ಇಡ್ತಿದ್ಯೇನಮ್ಮಾ?"

ಟೀಚರ್ ಒಂದು ಸಲ ನನ್ನ ಮುಖ ನೋಡಿದರು. ನಾನು ಹಾಜರಿ ಪುಸ್ತಕ ತಿರುವಿದೆ. ಅವರು ತಂದೆಗೆ ಕೈಮುಗಿದು, "ತಪ್ಪಾಗೈತೆ. ಇನ್ಮೇಲೆ ಅದನ್ನ ಮುಟ್ಟಲ್ಲ. ಮಗೂನ ಮಾತ್ರ ಕಳಿಸ್ರಿ," ಎಂದರು. ನನ್ನ ಜೊತೆ ವಾದಕ್ಕೆ ನಿಂತಿದ್ದರೆ ಹುಡುಗಿ ಶಾಲೆಗೆ ಮರಳುವ ಮಾತು ಅಲ್ಲೇ ಕರಗಿಹೋಗುತ್ತಿತ್ತು. ಅದು ಅವರಿಗೆ ಗೊತ್ತಿತ್ತು.

ಸೋಮವಾರ ಹುಡುಗಿ ಬಂದಳು. ಟ್ಯಾಬ್ ಬೀರು ಸೇರಿತು. ಮುಂದಿನ ವರ್ಷ ಟೀಚರ್ ಜಗಳೂರು ಕಡೆಗೆ ವರ್ಗ ತೆಗೆದುಕೊಂಡರು. ಹೊರಟ ದಿನವೂ ಎಂದಿನಂತೆ, "ಬರ್ತೀನಿ ಅಧ್ಯಕ್ಷರೇ," ಎಂದರು. ಅವತ್ತಾದರೂ ನಾನು ಊರಿಗೆ ನಿಜ ಹೇಳಬಹುದಿತ್ತು. ಹೇಳಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂತು. ಆ ಟ್ಯಾಬ್ ಕಂಡ ಮೇಲೆ ಸುಮ್ಮನಿರಲಾಗದೆ ಹುಡುಗಿಯ ತಂದೆಯ ಹೊಲಕ್ಕೆ ಹೋಗಿ ನಡೆದದ್ದನ್ನು ನಡೆದಂತೆ ಹೇಳಿದೆ. ಮಗಳು ಈಗ ಚನ್ನಗಿರಿಯಲ್ಲಿ ಕಾಲೇಜು ಓದುತ್ತಿದ್ದಾಳೆ. ಅವರು ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತಿದ್ದೆ. ಬೈಯಲಿಲ್ಲ. ಬದುವಿನ ಮೇಲೆ ಕುಸಿದು ಕೂತರು.

"ನೀವು ಬಂದು ಹೇಳಿ ಹಗುರಾದ್ರಿ ಯಜಮಾನ್ರೇ. ಆ ತಾಯಿಗೆ ನಾನು ಅಂದ ಮಾತನ್ನ ಈಗ ಯಾರ ಹತ್ರ ಹೋಗಿ ವಾಪಸ್ ತಗೊಳ್ಳಲಿ?"

ಅವರ ಪಕ್ಕದಲ್ಲಿ ಕೂರುವ ಧೈರ್ಯವಾಗಲಿಲ್ಲ. ಅವರೇ ಹೋಗಿ ಎನ್ನುವವರೆಗೂ ನಿಂತೇ ಇದ್ದೆ.